ಮನ್ಯೆ ಮಾರುವುದಿಲ್ಲ

ಆಯೋರ್ಕೋಳ ದನಿ ತೇಶಿ ಊರಿನ ಕಡಲಿಗೂ ಪರಿಚಿತವಾಗಿತ್ತು. ಬೆಳಗ್ಗೆ ಅವಳು ತನ್ನ ಅಂಗಳದ ಬಾಗಿಲಲ್ಲಿ ನಿಂತು "ಬಿಸಿ ಬಿಸಿ ಕೋಮೀ!" ಎಂದು ಕೂಗಿದರೆ ದಡದಲ್ಲಿ ದೋಣಿ ಎಳೆಯುತ್ತಿದ್ದ ಗಂಡಸರು ಹಗ್ಗ ಕೈಬಿಟ್ಟು ತಿರುಗಿ ನೋಡುತ್ತಿದ್ದರಂತೆ. ಈ ಮಾತಿಗೆ ಯಾರೋ ಸ್ವಲ್ಪ ಉಪ್ಪುಖಾರ ಹಚ್ಚಿದ್ದಾರೆ. ಹಗ್ಗ ಕೈಬಿಟ್ಟರೆ ದೋಣಿ ವಾಪಸ್ಸು ನೀರಿಗೆ ಹೋಗುತ್ತದೆ. ಕತ್ತು ತಿರುಗಿಸುತ್ತಿದ್ದದ್ದು ಮಾತ್ರ ನಿಜ.

ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನಲ್ಲಿ ಅರ್ಧವನ್ನು ಬೇಯಿಸಿ, ಅರ್ಧವನ್ನು ಹಸಿಯಾಗಿಯೇ ಇಟ್ಟು, ಎರಡನ್ನೂ ಕಲೆಸಿ ಉಂಡೆ ಕಟ್ಟಿ, ಜೋಳದ ಮುಸುಕಿನಲ್ಲಿ ಸುತ್ತಿ ಮತ್ತೆ ಬೇಯಿಸಿದರೆ ಕೋಮಿ. ಕೆಲಸ ಇಷ್ಟೇ. ಇಷ್ಟನ್ನು ಊರಿನ ಎಲ್ಲ ಹೆಂಗಸರೂ ಮಾಡುತ್ತಾರೆ. ಆದರೆ ಹಿಟ್ಟು ಯಾವ ಗಳಿಗೆಯಲ್ಲಿ ಹುಳಿಯಾಗಿ, ಯಾವ ಗಳಿಗೆಯಲ್ಲಿ ಕೆಟ್ಟುಹೋಗುತ್ತದೆ ಎನ್ನುವುದು ಆಯೋರ್ಕೋಳ ನಾಲಿಗೆಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ ಒಂದು ಮಡಕೆಯಿಂದ ಶುರುಮಾಡಿದವಳು ಈಗ ಅಂಗಳ ತುಂಬ ಒಲೆ ಹೂಡಿದ್ದಳು. ಬಂದರಿನ ಕೂಲಿಗಳು, ಶಾಲೆಯ ಮೇಷ್ಟ್ರುಗಳು, ರಾಜಧಾನಿ ಆಕ್ರಾಕ್ಕೆ ಜನರನ್ನು ತುಂಬಿಕೊಂಡು ಹೋಗುವ ಟ್ರೊಟ್ರೊ ಗಾಡಿಗಳ ಚಾಲಕರು, ಎಲ್ಲರ ಹೊಟ್ಟೆಯೂ ಅವಳ ಕೈಯಲ್ಲಿತ್ತು.

ಇಂಥವಳನ್ನು ಟೇಕೋ ಮನೆತನದ ಹಿರಿಯರು ಹುಡುಕಿ ತಂದು ಊರತಾಯಿಯ, ಅಂದರೆ ಮನ್ಯೆಯ, ಪೀಠದ ಮೇಲೆ ಕೂರಿಸಿದರು. ರಕ್ತ ನೋಡಿದರು, ನಡತೆ ನೋಡಿದರು. ಗಂಟಲು ನೋಡಲು ಮರೆತರು. ಮನ್ಯೆ ಆದ ಮೇಲೆ ನಾಲ್ಕು ಜನರ ಎದುರು ಬಾಯಿಬಿಟ್ಟು ತಿನ್ನುವಂತಿಲ್ಲ. ಬರಿಗಾಲು ನೆಲಕ್ಕೆ ಸೋಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಶಿಕ್ಷೆಯೆಂದರೆ, ಜನರ ಜೊತೆ ನೇರವಾಗಿ ಮಾತಾಡುವಂತಿಲ್ಲ. ಪಕ್ಕದಲ್ಲಿ ಕೋಲು ಹಿಡಿದ ಮಾತಿನವಳು ಒಬ್ಬಳು ಇರಬೇಕು. ಮನ್ಯೆ ಅವಳ ಕಿವಿಯಲ್ಲಿ ಪಿಸುಗುಟ್ಟಬೇಕು. ಅವಳು ಅದನ್ನು ಸಿಹಿ ಮಾಡಿ, ಚಂದ ಮಾಡಿ ಜನರಿಗೆ ಹೇಳಬೇಕು.

ಮಾತಿನವಳಾಗಲು ಕೇರಿಯ ವಾಚಾಳಿಗಳೆಲ್ಲ ಮುಂದೆ ಬಂದರು. ಆಯೋರ್ಕೋ ಅವರನ್ನೆಲ್ಲ ಬಿಟ್ಟು ತಂಗಿಯ ಮಗಳು ಲಾಮಿಲೇಯ ಕೈಗೆ ಕೋಲು ಕೊಟ್ಟಳು.

ಲಾಮಿಲೇ ಲೆಗಾನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಪದವಿ ತಂದು, ಕೆಲಸ ಸಿಗುವ ತನಕ ಎಂದು ದೊಡ್ಡಮ್ಮನ ಹಿಂದಿನ ಕೋಣೆಯಲ್ಲಿ ಉಳಿದುಕೊಂಡವಳು. ಟ್ರೊಟ್ರೊದಲ್ಲಿ "ಇಲ್ಲೇ ನಿಲ್ಸಿ" ಎಂದು ಹೇಳಲು ನಾಚಿಕೆಯಾಗಿ ಎರಡು ನಿಲ್ದಾಣ ಮುಂದೆ ಹೋಗಿ ನಡೆದುಕೊಂಡು ವಾಪಸ್ಸು ಬರುವ ಹುಡುಗಿ.

"ನನ್ನ ಕೈಲಾಗಲ್ಲ ದೊಡ್ಡಮ್ಮ," ಎಂದು ಅತ್ತೇಬಿಟ್ಟಿದ್ದಳು.

"ಅದಕ್ಕೇ ನೀನೇ ಬೇಕು ಕಣೇ," ಎಂದಳು ಆಯೋರ್ಕೋ. "ಉಳಿದೋರ ಬಾಯಲ್ಲಿ ಅವರವರದ್ದೇ ಮಾತು ತುಂಬ್ಕೊಂಡಿದೆ. ನಿನ್ನ ಬಾಯಿ ಖಾಲಿ ಇದೆ. ನನ್ನ ಸಾಮಾನು ಇಟ್ಕೋತೀನಿ."

ಹಾಗೆ ಶುರುವಾಯಿತು. ಮನ್ಯೆಯಾದ ಮೇಲೂ ಆಯೋರ್ಕೋ ಅಂಗಳ ಬಿಡಲಿಲ್ಲ. ಪೀಠ ಎನ್ನುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದು ಅವಳಿಗೆ ಮೊದಲ ತಿಂಗಳೇ ಅರ್ಥವಾಗಿತ್ತು. ಬೆಳಗ್ಗೆ ಮಣಿಸರ, ಚಪ್ಪಲಿ, ಹೆಗಲ ಮೇಲಿನ ವಸ್ತ್ರ ಎಲ್ಲ ಹಾಕಿಕೊಂಡು ಒಲೆಯ ಮುಂದೆ ಕೂರುವಳು. ಹಿಟ್ಟಿನ ರುಚಿ ನೋಡಬೇಕಾದಾಗ ಇಬ್ಬರು ಹೆಂಗಸರು ಸುತ್ತ ಬಟ್ಟೆ ಹಿಡಿಯುವರು. ಬಟ್ಟೆಯ ಒಳಗಿನಿಂದ ಚಪ್ಪರಿಸುವ ಸದ್ದು ಬರುವುದು. ಆಮೇಲೆ ತೀರ್ಪು.

ಚೌಕಾಸಿ ಮಾತ್ರ ಕಷ್ಟವಾಯಿತು. ಉತ್ತರದ ಕಡೆಯಿಂದ ಜೋಳದ ಮೂಟೆ ತರುವ ಇಸ್ಸಾಕಾ ಮೊದಲ ಸಲ ಬಂದು ಬೆಲೆ ಹೇಳಿದಾಗ ಆಯೋರ್ಕೋ ಲಾಮಿಲೇಯ ಕಿವಿಗೆ ಬಾಗಿದಳು.

"ಈ ಕಳ್ಳನಿಗೆ ಹೇಳು, ಇವನ ಜೋಳದಲ್ಲಿರೋ ಹುಳ ನನ್ನ ಮೊಮ್ಮಕ್ಕಳಿಗಿಂತ ದಷ್ಟಪುಷ್ಟವಾಗಿವೆ."

ಲಾಮಿಲೇ ಕೋಲು ಎತ್ತಿ ಹಿಡಿದು, ಇಸ್ಸಾಕಾನ ಮುಖ ನೋಡಿದಳು. ಪಾಪ, ಎರಡು ದಿನ ಲಾರಿಯಲ್ಲಿ ಕೂತು ಬಂದವನು.

"ಮನ್ಯೆಯವರು... ಈ ಸಲದ ಜೋಳದಲ್ಲಿ ತುಂಬಾ ಜೀವ ಇದೆ ಅಂತಾರೆ."

ಇಸ್ಸಾಕಾ ಹಿಗ್ಗಿ ಹೀರೇಕಾಯಿಯಾದ. ಹೊಗಳಿದರಲ್ಲ ಎಂದು ಬೆಲೆಯನ್ನು ಇನ್ನಷ್ಟು ಏರಿಸಿದ. ಆಯೋರ್ಕೋ ಮನ್ಯೆಯ ಗಾಂಭೀರ್ಯದಲ್ಲಿ ಮುಂದೆ ನೋಡುತ್ತಲೇ, ವಸ್ತ್ರದ ಮರೆಯಲ್ಲಿ ಲಾಮಿಲೇಯ ತೊಡೆ ಚಿವುಟಿದಳು.

ಇಂಥದ್ದೆಲ್ಲ ನಗುತ್ತ ನಡೆದುಹೋಗುತ್ತಿತ್ತು. ಊರಿನ ವರ್ಷದ ಹಬ್ಬದ ಮುಂಚಿನ ಆ ಸಭೆ ಬರುವ ತನಕ.

ಸಭೆ ಕರೆದವರು ಒಕ್ಪೋಟಿ ತಾತ. ಟೇಕೋ ಮನೆತನದ ಹಿರಿಯರಲ್ಲಿ ಹಿರಿಯರು. ದಿನಕ್ಕೆರಡು ಹೊತ್ತು ಆಯೋರ್ಕೋಳ ಕೋಮಿಯನ್ನೇ ತಿಂದು ಬೆಳೆದ ಹೊಟ್ಟೆಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂರುವವರು. ಪಕ್ಕದ ಕೇರಿಯವರು ಯಾವುದೋ ಸಾವಿನ ಮನೆಯಲ್ಲಿ ಇವರನ್ನು ಕೆಣಕಿದ್ದರಂತೆ: ನಿಮ್ಮ ಮನ್ಯೆಯ ಕೈ ಮುಟ್ಟಿ ನಮಸ್ಕಾರ ಮಾಡಿದ್ರೆ ನಮ್ಮ ಕೈಗೆಲ್ಲ ಹಿಟ್ಟು ಅಂಟ್ತು ಅಂತ. ಅದು ತಾತನಿಗೆ ಮುಳ್ಳಿನಂತೆ ಚುಚ್ಚಿತ್ತು.

"ನೋಡಮ್ಮ, ಪೀಠ ಅಂದ್ಮೇಲೆ ಒಂದು ಮರ್ಯಾದೆ," ಎಂದರು ತಾತ. "ಮನ್ಯೆ ಬೀದಿ ಬಾಗಿಲಲ್ಲಿ ಕೂತು ಮಾರೋದು ಅಂದ್ರೆ ಪೀಠಾನೇ ತಕ್ಕಡೀಲಿ ಇಟ್ಟಂಗೆ. ಹಬ್ಬ ಆದ್ಮೇಲೆ ಆ ಒಲೆ ಆರಬೇಕು. ನೀವೇನಂತೀರಿ?"

ಆಯೋರ್ಕೋಳ ಕುತ್ತಿಗೆಯ ನರ ಉಬ್ಬಿದ್ದು ಲಾಮಿಲೇಗೆ ಮಾತ್ರ ಕಂಡಿತು. ಬಿಸಿ ಉಸಿರು ಕಿವಿಗೆ ತಾಗಿತು.

"ಹೇಳು ಆ ಮುದುಕನಿಗೆ. ಅವನ ಹೊಟ್ಟೇನ ಅಲ್ಲಿ ಮಡಿಲಲ್ಲಿ ಕೂರಿಸಿದ್ದು ಪೀಠ ಅಲ್ಲ, ನನ್ನ ಒಲೆ. ಒಲೆ ಆರಿಸಬೇಕು ಅಂದ್ರೆ ಮೊದಲು ಆ ಹೊಟ್ಟೆ ಇಳಿಸಿ ಬರಲಿ. ಅಪ್ಪನ ಹಾಗೆ ದಾರಿ ತೋರಿಸೋಕೆ ಬಂದವನು ಅಪ್ಪನ ಹಾಗೆ ಸಾಕಲಿ. ಹೇಳೇ!"

ಲಾಮಿಲೇ ಎದ್ದುನಿಂತಳು. ತುದಿಯಲ್ಲಿ ಚಿನ್ನದ ಬಣ್ಣದ ಹೇಂಟೆ ಇದ್ದ ಕೋಲನ್ನು ಎತ್ತಿ ಹಿಡಿದಳು. ಎದುರಿಗೆ ಹನ್ನೆರಡೋ ಹದಿನೈದೋ ಮುದುಕರು, ಎಲ್ಲರ ಕಣ್ಣೂ ಅವಳ ಮೇಲೆ. ಹೊಟ್ಟೆಯ ವಿಷಯ ಹೇಗೆ ಹೇಳುವುದು? ಅದನ್ನು ಬಿಟ್ಟಳು. ಒಲೆಯ ವಿಷಯಕ್ಕೆ ಬಂದರೆ ಹೊಟ್ಟೆ ಬರುತ್ತದೆ. ಅದನ್ನೂ ಬಿಟ್ಟಳು. ಅಪ್ಪ, ದಾರಿ ಎನ್ನುವ ಎರಡೇ ಪದ ಉಳಿದವು.

"ಮನ್ಯೆಯವರು ಹೇಳ್ತಾರೆ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. "ಹಿರಿಯರು ನಮಗೆ ಅಪ್ಪನ ಸಮಾನ. ಅಪ್ಪ ಹೆಜ್ಜೆ ಇಟ್ಟ ಕಡೆ ಮಗಳ ಹೆಜ್ಜೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟೆ ಎಂದು ಅವಳು ಅಂದುಕೊಂಡಿದ್ದಳು. ದೀಪ ನೇರವಾಗಿ ಹುಲ್ಲಿನ ಬಣವೆಯ ಮೇಲೆ ಬಿದ್ದಿತ್ತು. ಹಿರಿಯರ ಮುಖಗಳೆಲ್ಲ ಒಟ್ಟಿಗೆ ಅರಳಿದವು.

"ಒಪ್ಪಿದ್ರು!" ಎಂದರು ಯಾರೋ.

"ಇದಪ್ಪಾ ಮನ್ಯೆ ಅಂದ್ರೆ," ಎಂದರು ಇನ್ನೊಬ್ಬರು. "ನಾನು ಹೇಳ್ಲಿಲ್ವಾ, ಬಾಯಿ ಜೋರಾದ್ರೂ ಮನಸ್ಸು ಹೂವು ಅಂತ."

ಒಕ್ಪೋಟಿ ತಾತನ ಕಣ್ಣಲ್ಲಿ ನೀರೇ ಬಂತು. ತಡಮಾಡದೆ ಸೀಸೆ ತೆಗೆದು, ಪೂರ್ವಿಕರ ಹೆಸರು ಹೇಳುತ್ತ ನೆಲಕ್ಕೆ ಮದ್ಯ ಹೊಯ್ದೇಬಿಟ್ಟರು. ಹೊಯ್ದ ಮೇಲೆ ಮುಗಿಯಿತು. ನೆಲ ಕುಡಿದದ್ದನ್ನು ಯಾರು ಕಕ್ಕಿಸುತ್ತಾರೆ?

ಆಯೋರ್ಕೋ ಮನ್ಯೆಯ ಹಾಗೆಯೇ, ಬೆನ್ನು ನೆಟ್ಟಗಿಟ್ಟುಕೊಂಡು ಮನೆಗೆ ನಡೆದಳು. ಬಾಗಿಲು ಹಾಕಿಕೊಂಡ ಮೇಲೆ ಚಪ್ಪಲಿ ತೆಗೆದು ಗೋಡೆಗೆ ಎಸೆದಳು. ಒಂದು, ಆಮೇಲೆ ಇನ್ನೊಂದು.

"ನಾನು ಕೊಟ್ಟಿದ್ದು ಒನಕೆ. ನೀನು ಅದನ್ನ ಕೆತ್ತಿ ಕೆತ್ತಿ ಹಲ್ಲುಕಡ್ಡಿ ಮಾಡಿ ಅವರ ಕೈಗೆ ಕೊಟ್ಟೆಯಲ್ಲೇ!"

"ಸಿಹಿ ಮಾಡಿ ಹೇಳಬೇಕು ಅಂತ..."

"ಸಿಹಿ! ಇಡೀ ಅಂಗಳಾನೇ ಪಾಕದಲ್ಲಿ ಮುಳುಗಿಸಿಬಿಟ್ಟೆ."

ಆಮೇಲೆ ಅವಳು ಬೈಯಲಿಲ್ಲ. ಲಾಮಿಲೇಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೈದು ಮುಗಿಸದ ದೊಡ್ಡಮ್ಮನನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಬ್ಬಕ್ಕೆ ಮುಂಚೆ ಊರಲ್ಲಿ ಡೋಲು ಬಾರಿಸಬಾರದು, ಗದ್ದಲ ಮಾಡಬಾರದು ಎಂಬ ಕಟ್ಟು ಅದೇ ವಾರ ಬಿತ್ತು. ಊರು ಮೌನವಾಯಿತು. ಆ ಮೌನದೊಳಗೆ ಆಯೋರ್ಕೋ ಇನ್ನೂ ಹೆಚ್ಚು ಮೌನವಾಗಿ ಒಲೆಯ ಮುಂದೆ ಕೂರುತ್ತಿದ್ದಳು. ಉಂಡೆ ಸುತ್ತುವ ಹೆಂಗಸರು ತಗ್ಗಿದ ದನಿಯಲ್ಲಿ ಬೇರೆ ಅಂಗಳಗಳ ಬಗ್ಗೆ ವಿಚಾರಿಸತೊಡಗಿದರು. ಒಂದು ಮಧ್ಯಾಹ್ನ ಆಯೋರ್ಕೋ ಹಿಟ್ಟಿನ ರುಚಿ ನೋಡದೆಯೇ "ಆಯ್ತು, ಸುತ್ರಿ" ಎಂದುಬಿಟ್ಟಳು. ಬಟ್ಟೆ ಹಿಡಿಯಲು ಎದ್ದ ಇಬ್ಬರು ಬಟ್ಟೆ ಹಿಡಿದುಕೊಂಡೇ ನಿಂತರು, ಒಳಗೆ ಯಾರೂ ಇಲ್ಲದೆ.

ಅವತ್ತು ಲಾಮಿಲೇ ಒಕ್ಪೋಟಿ ತಾತನ ಮನೆಗೆ ಹೋದಳು. ಒಬ್ಬಳೇ. ಬಾಗಿಲ ಹೊರಗೆ ನಿಂತು ಒಳಗಿನವರಿಗೆ ಕೇಳಿಸದ ಹಾಗೆ ಮೂರು ಸಲ ಕೆಮ್ಮಿದಳು. ಕೊನೆಗೆ ತಾತನ ಮೇಕೆ ಅವಳ ಲಂಗ ಕಚ್ಚಿತು. ಅವಳು ಚೀರಿದಳು. ತಾತ ಹೊರಗೆ ಬಂದರು.

"ತಾತ, ತಪ್ಪು ನಂದು. ದೊಡ್ಡಮ್ಮ ಹಾಗೆ ಹೇಳಿರಲಿಲ್ಲ."

"ಹೌದಾ?" ತಾತ ಮೇಕೆಯನ್ನು ಆಚೆ ತಳ್ಳಿ ಕೂತರು. "ಮತ್ತೆ ಹೇಗೆ ಹೇಳಿದ್ಲು?"

ಲಾಮಿಲೇ ತಾತನ ಹೊಟ್ಟೆಯನ್ನು ನೋಡಿ ತಲೆ ತಗ್ಗಿಸಿದಳು.

"ಗೊತ್ತಾಯ್ತು ಬಿಡು," ಎಂದರು ತಾತ. "ಅವಳ ಬಾಯಿ ನಂಗೆ ಅವಳ ಹಲ್ಲು ಹುಟ್ಟೋ ಮುಂಚಿನಿಂದ ಗೊತ್ತು. ಆದ್ರೆ ಮಗಳೇ, ಕೋಲು ಹಿಡಿದು ಆಡಿದ ಮಾತು ನಿಂದಲ್ಲ, ಅವಳದ್ದೂ ಅಲ್ಲ. ಕೋಲಿಂದು. ಉಗುಳಿದ್ದನ್ನ ಮತ್ತೆ ಬಾಯಿಗೆ ಹಾಕ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ."

"ಏನೂ ಮಾಡೋಕಾಗಲ್ವಾ?"

"ತೆಗೆಯೋಕಾಗಲ್ಲ. ನಮ್ಮಜ್ಜನ ಕಾಲದ ಮಾತಿನವರು ಸೇರಿಸ್ತಿದ್ರು ನೋಡು. ಒಡೆಯ ಒಂದು ಮಾತು ಅಂದ್ರೆ ಅವರು ಅದಕ್ಕೆ ಹತ್ತು ಮಾತು ಪೋಣಿಸೋರು. ನಿಂಗೆ ಹತ್ತು ಕೊಟ್ರೆ ಒಂದು ಮಾಡ್ತೀಯ. ಇದೆಂಥ ಮಾತಿನವಳಪ್ಪ!" ತಾತ ನಕ್ಕರು. ಆಮೇಲೆ ಸ್ವಲ್ಪ ಸಪ್ಪಗಾಗಿ ಕೇಳಿದರು, "ಒಲೆ ಆರಿದ್ಮೇಲೆ ಕೋಮಿ ಎಲ್ಲಿಂದ ತರಿಸೋದು ಅಂತ ನಂಗೂ ಯೋಚನೆ. ನಿನ್ನ ದೊಡ್ಡಮ್ಮಂಗೆ ಹೇಳ್ಬೇಡ."

ಸೇರಿಸಬಹುದು ಎನ್ನುವ ಮಾತು ಲಾಮಿಲೇಯ ತಲೆಯಲ್ಲಿ ಕೂತಿತು. ಏನು ಸೇರಿಸುವುದು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಹಬ್ಬ ಬಂತು. ಹಸಿವನ್ನು ನಗೆಯಾಡಿ ಓಡಿಸುವ ಹಬ್ಬ. ಡೋಲುಗಳಿಗೆ ಬಾಯಿ ಬಂತು. ಆಯೋರ್ಕೋ ಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ತಾಳೆಯೆಣ್ಣೆ ಬೆರೆಸಿದಳು. ಹೊಗೆಯಾಡಿಸಿದ ಮೀನು ಹಾಕಿ ತಾಳೆಕಾಯಿಯ ಸಾರು ಕುದಿಸಿದಳು. ಹಿರಿಯರು ಬೀದಿ ಬೀದಿಯಲ್ಲಿ ಆ ಹಬ್ಬದ ಅನ್ನವನ್ನು ಪೂರ್ವಿಕರಿಗೆಂದು ಎರಚಿದರು. ಅದು ಯಾರ ಕೈಯ ಅಡುಗೆ ಎಂದು ಸತ್ತವರಿಗೂ ಗೊತ್ತಾಗಿರಬೇಕು.

ಮಾರನೇ ದಿನ ಹಾರೈಕೆಯ ದಿನ. ಊರವರೆಲ್ಲ ಹಿರಿಯರ ಮನೆಗಳಿಗೆ ಹೋಗಿ ಆಯುಸ್ಸು ಹಾರೈಸಿ, ಹಾರೈಸಿಕೊಂಡು ಬರುವ ದಿನ. ಆಯೋರ್ಕೋಳ ಒಲೆಗೂ ಅದೇ ಕೊನೆಯ ದಿನ.

ಬೆಳಗ್ಗೆಯಿಂದ ಅಂಗಳ ತುಂಬಿತು. ಆಯೋರ್ಕೋ ಪೀಠದ ಮೇಲೆ, ಲಾಮಿಲೇ ಕೋಲು ಹಿಡಿದು ಪಕ್ಕದಲ್ಲಿ. ಬಂದವರು ಬಾಗಿ, "ಆಯುಸ್ಸು ತಗೊಳ್ಳಿ ಮನ್ಯೆ, ಆಯುಸ್ಸು ತಗೊಳ್ಳಿ! ವರ್ಷ ತಿರುಗಿ ಬರಲಿ, ಮತ್ತೆ ಹೀಗೇ ಕೂರೋಣ, ನಮ್ಮ ನಡುವೆ ಕರಿಬೆಕ್ಕು ಹಾಯದಿರಲಿ," ಎನ್ನುತ್ತಿದ್ದರು. ಒಬ್ಬ ಸೀಸೆ ಇಟ್ಟ. ಒಬ್ಬಳು ಕೋಳಿಯ ಕಾಲು ಕಟ್ಟಿ ತಂದಳು. ಇನ್ನೊಬ್ಬಳು ಮಡಿಸಿದ ನೋಟನ್ನು ನಾಚುತ್ತ ತಟ್ಟೆಯ ಕೆಳಗೆ ಸರಿಸಿದಳು. ಮನ್ಯೆಯನ್ನು ಕಾಣಲು ಬರಿಗೈಯಲ್ಲಿ ಹೋಗುವವರುಂಟೇ? ಹೋದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಮನ್ಯೆಯುಂಟೇ? ಪ್ರತಿಯೊಬ್ಬರಿಗೂ ಮಡಕೆಯಿಂದ ಬಿಸಿ ಕೋಮಿ, ಕರಿದ ಮೀನು, ಅರೆದ ಮೆಣಸಿನ ಚಟ್ನಿ.

ಟ್ರೊಟ್ರೊ ಚಾಲಕನೊಬ್ಬ ನೋಟು ಇಟ್ಟು, ಹಾರೈಸಿ, ಎರಡು ಉಂಡೆ ತೆಗೆದುಕೊಂಡು ಹಿಂದಕ್ಕೆ ಸರಿದ. ಲಾಮಿಲೇ ಅವನ ಬೆನ್ನನ್ನೇ ನೋಡಿದಳು. ಇವನು ದಿನಾ ಬರುವವನೇ. ದಿನಾ ಕೊಡುವಷ್ಟೇ ಕೊಟ್ಟ, ದಿನಾ ಒಯ್ಯುವಷ್ಟೇ ಒಯ್ದ. ಬೇರೆಯಾಗಿದ್ದದ್ದು ಬಾಯಿಮಾತು ಒಂದೇ.

ಅಷ್ಟರಲ್ಲೇ ಒಕ್ಪೋಟಿ ತಾತ ಹಿರಿಯರ ದಂಡು ಕಟ್ಟಿಕೊಂಡು ಅಂಗಳಕ್ಕೆ ಬಂದರು. ಹಾರೈಕೆ ಆಯಿತು. ಸೀಸೆ ಇಟ್ಟರು. ಆಮೇಲೆ ತಾತ ಗಂಟಲು ಸರಿಮಾಡಿಕೊಂಡರು.

"ಮನ್ಯೆ, ಅವತ್ತು ಆಡಿದ ಮಾತು ನೆನಪಿದೆ ಅಲ್ವಾ?"

ಆಯೋರ್ಕೋ ಲಾಮಿಲೇಯ ಕಡೆ ಬಾಗಲೇ ಇಲ್ಲ. ಅವಳಲ್ಲಿ ಪಿಸುಗುಟ್ಟಲು ಏನೂ ಉಳಿದಿರಲಿಲ್ಲ. ಅವಳ ಕಣ್ಣು ಒಲೆಯ ಮೇಲಿತ್ತು.

ಲಾಮಿಲೇ ಎದ್ದಳು. ತಾನು ಎದ್ದದ್ದು ಅವಳಿಗೆ ಎದ್ದ ಮೇಲೆಯೇ ತಿಳಿಯಿತು.

"ಮನ್ಯೆಯವರು ಹೇಳ್ತಾರೆ," ಎಂದಳು.

ಆಯೋರ್ಕೋ ಥಟ್ಟನೆ ತಲೆ ಎತ್ತಿ, ನಾನೆಲ್ಲಿ ಹೇಳಿದೆ ಎನ್ನುವ ಹಾಗೆ ನೋಡಿದಳು.

"ಮನ್ಯೆಯವರು ಹೇಳ್ತಾರೆ, ಅಪ್ಪ ಹೆಜ್ಜೆ ಇಟ್ಟ ಕಡೆ ಮಗಳ ಹೆಜ್ಜೆ. ನಾಳೆಯಿಂದ ಮನ್ಯೆ ಮಾರುವುದಿಲ್ಲ. ಯಾರು ಕೇಳಿದ್ರೂ ಮಾರುವುದಿಲ್ಲ. ಈ ಬಾಗಿಲಲ್ಲಿ ವ್ಯಾಪಾರ ಮುಗೀತು."

ಹೆಂಗಸರಲ್ಲಿ ಯಾರೋ ಬಿಕ್ಕಿದರು. ತಾತ ತಲೆಯಾಡಿಸಿದರು, ಅಷ್ಟೇನೂ ಸಂತೋಷವಿಲ್ಲದೆ.

"ಆದ್ರೆ," ಎಂದಳು ಲಾಮಿಲೇ. "ಆದ್ರೆ ಮನ್ಯೆಯವರು ಅಪ್ಪಂದಿರ ಹತ್ರ ಒಂದು ವಿಷಯ ಕಲಿಯಬೇಕು ಅಂತಾರೆ. ಇವತ್ತು ಜನ ಆಯುಸ್ಸು ಹಾರೈಸೋಕೆ ಬಂದ್ರು. ಬರಿಗೈಲಿ ಬರಲಿಲ್ಲ. ಮನ್ಯೆ ಅವರನ್ನ ಹಸಿದು ಕಳಿಸಲಿಲ್ಲ. ನಾಳೆ ಯಾರಾದ್ರೂ ಬಂದು ಆಯುಸ್ಸು ಹಾರೈಸಿದ್ರೆ, ಹಬ್ಬ ಮುಗೀತು, ನಿಮ್ಮ ಹಾರೈಕೆ ಬೇಡ, ಹಸಿದುಕೊಂಡೇ ಹೋಗಿ ಅಂತ ಅನ್ನಬೇಕಾ? ನಾಡಿದ್ದು ಬಂದ್ರೆ? ಹಾಗೆ ಅಟ್ಟೋದು ಟೇಕೋ ಮನೆತನದ ಪೀಠಕ್ಕೆ ಮರ್ಯಾದೇನಾ? ಅಪ್ಪಂದಿರು ಹೇಳಲಿ. ಅವರು ಇಟ್ಟ ಕಡೆ ಮಗಳ ಹೆಜ್ಜೆ."

ಆಮೇಲೆ ಹಿಂದಿನ ಸಾಲಿನಿಂದ ಟ್ರೊಟ್ರೊ ಚಾಲಕ ಕೂಗಿದ:

"ನಾನು ನಾಳೆ ಬರ್ತೀನಪ್ಪಾ! ಮನ್ಯೆಗೆ ದಿನಾ ಹಾರೈಸಬೇಕು ಅಂತ ನಂಗೆ ತುಂಬಾ ಆಸೆ!"

"ನಾನೂ!" "ನಮ್ಮ ಶಾಲೆಯವರೂ!" ನಗೆ ಗೊಳ್ಳೆಂದು ಎದ್ದಿತು.

ಒಕ್ಪೋಟಿ ತಾತ ನಗಲಿಲ್ಲ. ಅಕ್ಕಪಕ್ಕದ ಹಿರಿಯರತ್ತ ತಿರುಗಿದರು. ಹೂಂ ಎಂದರೆ ಒಲೆ ಉಳಿಯುತ್ತದೆ, ಊಹೂಂ ಎಂದರೆ ಮನ್ಯೆಯ ಬಾಗಿಲಿಂದ ಜನರನ್ನು ಹಸಿದು ಅಟ್ಟಿದವರು ಎಂಬ ಹೆಸರು ಬರುತ್ತದೆ. ಅದನ್ನು ಪಕ್ಕದ ಕೇರಿಯವರ ಬಾಯಿಂದ ಕೇಳಬೇಕು.

"ಹಾರೈಸೋಕೆ ಬಂದವರನ್ನ ಅಟ್ಟೋದು ನಮ್ಮ ವಂಶದಲ್ಲಿಲ್ಲ," ಎಂದರು ತಾತ ಕೊನೆಗೆ. "ಯಾವ ಹೊತ್ತಿಗೆ ಬಂದ್ರೆ ಮನ್ಯೆಗೆ ಅನುಕೂಲ?"

"ಮಡಕೆ ಬಿಸಿ ಇದ್ದಾಗ," ಎಂದಳು ಲಾಮಿಲೇ.

ತಾತ ಈಗ ನಕ್ಕರು. ಹೊಟ್ಟೆಯೂ ಜೊತೆಯಲ್ಲಿ ನಕ್ಕಿತು. "ಬೀದಿ ಬಾಗಿಲಲ್ಲಿ ಕೂರಬೇಡಿ. ಒಳಂಗಳದಲ್ಲಿ ಕೂರಿ. ನೋಡೋಕೆ ಚೆನ್ನಾಗಿರತ್ತೆ," ಎಂದು ಸೀಸೆಗೆ ಕೈಹಾಕಿದರು.

ಹೀಗೆ ಒಲೆ ಉಳಿಯಿತು. ಉಂಡೆ ಸುತ್ತುವ ಹೆಂಗಸರು ಲಾಮಿಲೇಯನ್ನು ಎತ್ತಿ ಕುಣಿಸಿದರು. ಆಯೋರ್ಕೋ ಅವಳಿಗೆ ಮೀನಿನ ತಲೆಯ ಭಾಗ ಬಡಿಸಿದಳು. ಅದು ಅವಳ ಭಾಷೆಯಲ್ಲಿ ಬಹಳ ದೊಡ್ಡ ಮಾತು.

ಆದರೆ ವಾರ ಕಳೆಯುವುದರೊಳಗೆ ಆಯೋರ್ಕೋಳ ಮುಖ ಮತ್ತೆ ಜೋಲುಬಿತ್ತು. ಜನ ಬರುತ್ತಿದ್ದರು, ಬಾಗುತ್ತಿದ್ದರು, ಆಯುಸ್ಸು ಹಾರೈಸುತ್ತಿದ್ದರು. ತಟ್ಟೆಯಲ್ಲಿ ನ್ಯಾಯವಾದದ್ದನ್ನು ಇಟ್ಟು, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಜಗಳವಿಲ್ಲ, ಗೊಣಗಾಟವಿಲ್ಲ. ಕಾಣಿಕೆಗೆ ಚೌಕಾಸಿ ಮಾಡುವುದು ಹೇಗೆ?

"ಎಲ್ರೂ ಚರ್ಚಿಗೆ ಬಂದಂಗೆ ಬರ್ತಾರೆ ಕಣೇ," ಎಂದು ಸಂಕಟಪಟ್ಟಳು. "ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಉಂಡೆ ಚಿಕ್ಕದು ಅನ್ನದೆ ಹೋಗಿದ್ದುಂಟಾ? ನಿಮ್ಮಪ್ಪನ ಮನೆ ಗಂಟಾ ಅಂತ ನಾನು ಅನ್ನದೆ ಕಳಿಸಿದ್ದುಂಟಾ? ನನ್ನ ಮಡಕೆ ಉಳಿಸಿಕೊಟ್ಟೆ, ಸರಿ. ನನ್ನ ಜಗಳ ಎಲ್ಲಿ?"

ಲಾಮಿಲೇಗೆ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ದೊಡ್ಡಮ್ಮನ ಜೀವ ಒಲೆಯಲ್ಲಿದೆ ಎಂದು ಅವಳು ತಿಳಿದಿದ್ದಳು. ಅರ್ಧ ಮಾತ್ರ ಅಲ್ಲಿತ್ತು.

ಉಳಿದರ್ಧವನ್ನು ತಂದವಳು ಮೀನಿನ ಚೋಚೋ. ಹಬ್ಬಕ್ಕೆ ತವರಿಗೆ ಹೋಗಿದ್ದವಳು, ಈ ಹೊಸ ಪದ್ಧತಿಯ ಗಾಳಿ ಸೋಕದವಳು, ಆಯೋರ್ಕೋಳ ಜೊತೆ ಮೊದಲಿನಿಂದಲೂ ಜಗಳದ ಸ್ನೇಹ ಉಳ್ಳವಳು. ಒಳಂಗಳಕ್ಕೆ ಬಂದು, ಸೊಂಟಕ್ಕೆ ಕೈಕೊಟ್ಟು, ಕೊಟ್ಟ ಉಂಡೆಯನ್ನು ಬೆಳಕಿಗೆ ಹಿಡಿದಳು.

"ಲಾಮಿಲೇ, ನಿಮ್ಮ ಮನ್ಯೆಗೆ ಹೇಳಮ್ಮ. ಹಸಿವನ್ನ ಊರಿಂದ ಓಡಿಸಿದ್ರಂತಲ್ಲ, ಅದು ಬಂದು ಈ ಉಂಡೆಯೊಳಗೆ ಕೂತಿದೆ. ಇದೇನು ಕೋಮೀನಾ, ಆಡಿನ ಹಿಕ್ಕೆಯಾ?"

ಆಯೋರ್ಕೋ ಲಾಮಿಲೇಯ ಕಿವಿಗೆ ಬಾಗಿದಳು. ಬಾಗಿದವಳು ಪಿಸುಗುಟ್ಟುವಷ್ಟು ತಾಳ್ಮೆಯಿಲ್ಲದೆ ಅಲ್ಲಿಂದಲೇ ಸಿಡಿದಳು.

"ಏ ಚೋಚೋ! ನೀನು ಇಟ್ಟಿರೋ ಕಾಣಿಕೆಗೆ ಜೋಳದ ಮುಸುಕಿನ ವಾಸನೇನೂ ಸಿಗಲ್ಲ! ನೀನು ಮಾರೋ ಮೀನು ಸತ್ತಿದ್ದು ನನ್ನ ಮದುವೆ ದಿನ!"

"ನನ್ನ ಮೀನಿನ ಸುದ್ದಿಗೆ ಬಂದ್ರೆ ನೋಡು!"

ಎಷ್ಟೋ ವಾರಗಳ ಮೇಲೆ ಆಯೋರ್ಕೋಳ ಮುಖದಲ್ಲಿ ರಕ್ತ ಆಡಿತು. ಸರಿಯಾಗಿ ಆಗಲೇ ಲಾಮಿಲೇಗೆ ಹೊರಬಾಗಿಲು ಕಂಡಿತು. ಒಕ್ಪೋಟಿ ತಾತ ಬರುತ್ತಿದ್ದರು. ಒಬ್ಬರೇ ಅಲ್ಲ. ಪಕ್ಕದ ಕೇರಿಯ ಇಬ್ಬರು ಹಿರಿಯರು, ಸಾವಿನ ಮನೆಯಲ್ಲಿ ಅವರನ್ನು ಕೆಣಕಿದವರೇ, ಜೊತೆಯಲ್ಲಿದ್ದರು. ಟೇಕೋ ಮನೆತನದ ಮನ್ಯೆ ಎಷ್ಟು ಗಂಭೀರವಾಗಿ ಕೂತು ಜನರ ಹಾರೈಕೆ ಸ್ವೀಕರಿಸುತ್ತಾರೆ ಎಂದು ತೋರಿಸಲು ಕರೆತಂದಿರಬೇಕು.

ಆಯೋರ್ಕೋ ಮುಂದಿನ ಮಾತಿಗೆ ಎದೆ ತುಂಬ ಉಸಿರೆಳೆದುಕೊಂಡಿದ್ದಳು. ಅದು ಹೊರಬಿದ್ದರೆ ಎಲ್ಲವೂ ಹೋದಂತೆ.

ಲಾಮಿಲೇ ಕೋಲು ಎತ್ತಿ ಇಬ್ಬರ ನಡುವೆ ಜಿಗಿದಳು. ಬಾಯಿ ತೆರೆದಳು. ಅದರಿಂದ ಬಂದ ದನಿಗೆ ಗೋಡೆಯ ಮೇಲಿದ್ದ ಕೋಳಿ ಹಾರಿಹೋಯಿತು.

"ಮನ್ಯೆಯವರು ಹೇಳ್ತಾರೆ! ನಿನ್ನ ಮೀನಿನ ಸುದ್ದಿಗೆ ಯಾಕೆ ಬರಬಾರದು? ಅದರ ನಾತ ನಿನಗಿಂತ ಮುಂಚೆ ಮನೆಗೆ ಬರತ್ತೆ! ಉಂಡೆ ಹಿಕ್ಕೆ ಥರ ಕಾಣ್ತಿದ್ರೆ ನಿನ್ನ ಕಣ್ಣು ಆಡಿಂದು!"

ಸಿಹಿ ಇಲ್ಲ, ಪಾಕ ಇಲ್ಲ. ಹಸಿ ಹಸಿ.

ಚೋಚೋ ಬಾಯಿ ತೆರೆದುಕೊಂಡೇ ನಿಂತಳು. ಆಯೋರ್ಕೋ ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಪೀಠದ ಮೇಲೆ ಕಲ್ಲಿನ ಬೊಂಬೆಯಾದಳು.

"ಏನಮ್ಮಾ ಇದು ಗಲಾಟೆ?" ಎಂದರು ತಾತ, ಬಾಗಿಲಲ್ಲೇ ನಿಂತು. ಅತಿಥಿಗಳ ಹುಬ್ಬು ಮೇಲೇರಿತ್ತು.

"ಗಲಾಟೆ ಅಲ್ಲ ತಾತ. ಚೋಚೋ ಅತ್ತೆ ಮನ್ಯೆಯವರಿಗೆ ಆಯುಸ್ಸು ಹಾರೈಸ್ತಿದ್ದಾರೆ. ಮನ್ಯೆಯವರು ವಾಪಸ್ಸು ಹಾರೈಸ್ತಿದ್ದಾರೆ."

ತಾತ ಚೋಚೋಳನ್ನು ನೋಡಿದರು, ಕಲ್ಲಿನ ಬೊಂಬೆಯನ್ನು ನೋಡಿದರು. ತುಟಿ ಅದುರಿತು, ತಡೆದುಕೊಂಡರು. ಅತಿಥಿಗಳತ್ತ ತಿರುಗಿ ಹೆಮ್ಮೆ ತಂದುಕೊಂಡು ಹೇಳಿದರು:

"ನೋಡಿದ್ರಾ? ನಮ್ಮ ಮನ್ಯೆ ಬಾಯಿ ಬಿಡೋದೇ ಇಲ್ಲ. ಮಾತಿನವಳು ಮಾತ್ರ ಸ್ವಲ್ಪ ಖಾರ. ಹೊಸಬಳು, ಓದಿದೋಳು."

ಮೂವರೂ ಹಾರೈಸುವವರ ಸಾಲಿನಲ್ಲಿ ಬಂದು ನಿಂತರು. ಮಡಕೆ ಬಿಸಿಯಿತ್ತು.

ಚೋಚೋ ಇನ್ನೂ ಉಂಡೆಯನ್ನು ಬೆಳಕಿಗೆ ಹಿಡಿದೇ ಇದ್ದಳು. "ಸರಿ, ಮನ್ಯೆ ಮುಂದೇನು ಹೇಳ್ತಾರೋ ಹೇಳಲಿ," ಎಂದಳು, ಕಣ್ಣಲ್ಲಿ ಕಳ್ಳನಗೆ ಇಟ್ಟುಕೊಂಡು.

ಲಾಮಿಲೇ ದೊಡ್ಡಮ್ಮನ ಕಡೆ ಕಿವಿ ಒಡ್ಡಿದಳು.

"ನನ್ನೇನು ಕೇಳ್ತೀಯೇ," ಎಂದು ತುಟಿ ಅಲುಗದ ಹಾಗೆ ಪಿಸುಗುಟ್ಟಿದಳು ಆಯೋರ್ಕೋ. ಅವಳ ದನಿಯಲ್ಲಿ ಹಬ್ಬವಿತ್ತು. "ನಿನಗೇ ಬರತ್ತಲ್ಲ. ಏನನ್ಸತ್ತೋ ಅದನ್ನ ಹೇಳು."

ಲಾಮಿಲೇ ಉಂಡೆಯನ್ನು ನೋಡಿದಳು. ಇದುವರೆಗೆ ಅವಳ ಅನಿಸಿಕೆಯನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಬಹಳ ಪ್ರಾಮಾಣಿಕವಾಗಿ, ಈ ಕಡೆಯಿಂದ ಆ ಕಡೆಯಿಂದ ನೋಡಿದಳು. ಕೋಲು ಎತ್ತಿದಳು.

"ಮನ್ಯೆಯವರು ಹೇಳ್ತಾರೆ, ನೋಡಿದ್ರೆ ಉಂಡೆ ಸ್ವಲ್ಪ ಚಿಕ್ಕದೇ. ಇನ್ನೊಂದು ತಗೊಳ್ಳಿ."

ಅಂಗಳವೆಲ್ಲ ನಕ್ಕಿತು. ಆಯೋರ್ಕೋ ಕಲ್ಲಿನ ಬೊಂಬೆಯ ಹಾಗೆ ಮುಂದೆ ನೋಡುತ್ತಲೇ, ಎರಡನೇ ಉಂಡೆಯನ್ನು ತಾನೇ ಆರಿಸಿ ಚೋಚೋಳ ಕೈಗಿಟ್ಟಳು. ಮಡಕೆಯಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು.